‘ಬಿಲ್ಲು ತೆಗಿ’ ಎಂದವಳು

ತಮ್ಮ ಕೇಳಿದಾಗ ನಾನು ನಿಜ ಹೇಳಲಿಲ್ಲ. ಹೇಳಲು ಸಮಯವಿತ್ತು, ಹತ್ತಿರ ಬೇರೆ ಯಾರೂ ಇರಲಿಲ್ಲ, ಅವನಿಗೆ ಕೋಪವೂ ಇರಲಿಲ್ಲ. “ಅಕ್ಕ, ಶುಕ್ರವಾರ ನೀನು ಇದನ್ನು ಮುಟ್ಟಿದ್ಯಾ?” ಎಂದು ಲ್ಯಾಪ್‌ಟಾಪ್ ತೋರಿಸಿ ಕೇಳಿದ. ನಾನು ತೆಂಗಿನಕಾಯಿ ತುರಿಯುತ್ತಿದ್ದೆ. ತಲೆ ಎತ್ತದೆ, “ನನಗೆಂತ ಗೊತ್ತು ಮಾರಾಯ ಅದರದ್ದೆಲ್ಲ” ಎಂದೆ. “ಅದೂ ಹೌದು” ಎಂದು ಅವನು ಹೊರಟುಹೋದ.

ನಾನು ಆಡಿದ ಮಾತಿನಲ್ಲಿ ಸುಳ್ಳಿನ ಒಂದಕ್ಷರವೂ ಇಲ್ಲವೆಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡೆ. ಕಡಿಮೆ ಓದಿದವರಿಗೆ ಅಡಗಿ ಕೂರಲು ಒಂದು ಜಾಗ ಯಾವಾಗಲೂ ಇರುತ್ತದೆ. ‘ನನಗೆಂತ ಗೊತ್ತು’ ಎಂದು ಅದರೊಳಗೆ ಹೊಕ್ಕರೆ ಓದಿದವರು ಹಿಂದೆ ಬರುವುದಿಲ್ಲ. ಪಂಚಾಯತ್ ಆಫೀಸಿನಲ್ಲಿ, ಬ್ಯಾಂಕಿನಲ್ಲಿ ಆ ಜಾಗ ನನಗೆ ಉಪಕಾರಕ್ಕೆ ಬಂದದ್ದಿದೆ. ಆದರೆ ಅದರೊಳಗೆ ಕೂತು ನನ್ನ ತಮ್ಮನನ್ನೇ ಹೊರಗೆ ನಿಲ್ಲಿಸಿದ್ದು ಅದೇ ಮೊದಲು. ನಾನು ಒಳಗಿದ್ದಷ್ಟು ದಿನವೂ ಅವನನ್ನು ಅವನ ಕೆಲಸದವರು ಸುಳ್ಳುಗಾರನ ಹಾಗೆ ನೋಡಿದರು.

ನಾನು ಉಪ್ಪಳದಲ್ಲಿ ಮನೆ ಕಟ್ಟುವ ಸಾಮಾನಿನ ಒಂದು ಯಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ಹೊಯ್ಗೆ, ಜಲ್ಲಿ, ಕೆಂಪುಕಲ್ಲು ಹೊರಗೆ ಹೋಗುವಾಗ ಲಾರಿಯವರಿಗೆ ಬಿಲ್ ಕೊಡುವುದು ನನ್ನ ಕೆಲಸ. ಏಳನೆಯ ತರಗತಿಯ ಮೇಲೆ ನಾನು ಶಾಲೆಗೆ ಹೋಗಲಿಲ್ಲ. ಅದಕ್ಕೆ ದೊಡ್ಡ ಕತೆಯೇನೂ ಇಲ್ಲ, ನನಗೆ ಮನಸ್ಸಿರಲಿಲ್ಲ, ಬೀಡಿ ಕಟ್ಟುವ ಹುಡುಗಿಯರ ಜೊತೆ ಕೂತು ಮಾತಾಡುವುದು ಹೆಚ್ಚು ಇಷ್ಟವಾಗಿತ್ತು. ಕನ್ನಡ ಚೆನ್ನಾಗಿ ಓದುತ್ತೇನೆ. ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುತ್ತೇನೆ, ಓದಿ ಮುಗಿಸುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ. ಮಲಯಾಳ ಮಾತಾಡುತ್ತೇನೆ, ಬೋರ್ಡು ಓದುವಷ್ಟು ಬರುತ್ತದೆ. ಮನೆಯಲ್ಲಿ ನಮ್ಮದು ಅರ್ಧ ತುಳು, ಅರ್ಧ ಕನ್ನಡ.

ತಮ್ಮ ನನಗಿಂತ ಬಹಳ ಚಿಕ್ಕವನು, ಡಿಗ್ರಿ ಮಾಡಿದವನು. ಮಂಜೇಶ್ವರದಿಂದ ಒಳಗೆ ನಮ್ಮ ಮನೆ. ಅಮ್ಮ ತೀರಿದ ಮೇಲೆ ಅಲ್ಲಿ ನಾವಿಬ್ಬರೇ. ಅವನು ಚಾವಡಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಟ್ಟಡ ಕಟ್ಟಿಸುವವರಿಗೆ ಸಾಫ್ಟ್‌ವೇರ್ ಮಾಡಿಕೊಡುವ ಒಂದು ಕಂಪೆನಿಗೆ ಬರೆಯುವ ಕೆಲಸ ಮಾಡುತ್ತಿದ್ದ. ಎಂತ ಬರೆಯುವುದು ಎಂದು ನೆರೆಕರೆಯವರು ಕೇಳಿದರೆ ನನಗೆ ಹೇಳಲು ಬರುತ್ತಿರಲಿಲ್ಲ. ಅದಕ್ಕೇ ಒಂದು ದಿನ ಅವನನ್ನೇ ಕೇಳಿದೆ.

“ಯಾರಿಗೆ ಬರೆಯುದು ನೀನು ಇದನ್ನೆಲ್ಲ?”

“ಏಜೆಂಟಿಗೆ.”

“ಯಾವ ಏಜೆಂಟಿಗೆ? ವೀಸಾದವನಿಗಾ?”

ಉಪ್ಪಳದಲ್ಲಿ ಏಜೆಂಟ್ ಎಂದರೆ ಗಲ್ಫಿಗೆ ವೀಸಾ ಮಾಡಿಸುವವನೇ. ತಮ್ಮ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕ.

“ಮನುಷ್ಯ ಅಲ್ಲ ಅಕ್ಕ. ಎಐ. ಕಂಪ್ಯೂಟರಿನ ಒಳಗೆ ಒಂದು ಕೆಲಸದ ಆಳು ಅಂತ ಇಟ್ಕೊ. ಸೈಟಿನವರು ಬಾಯಲ್ಲಿ ಹೇಳಿದ್ರೆ ಅದು ಮಾಡ್ತದೆ.”

“ಸಂಬಳ?”

“ಇಲ್ಲ.”

“ಊಟ?”

“ಕರೆಂಟ್.”

“ಹಾಗಾದ್ರೆ ವೀಸಾದವನಿಗಿಂತ ಅಡ್ಡಿಲ್ಲ.”

ಅವನು ಆ ದಿನ ಪುರುಸೊತ್ತಿನಲ್ಲಿದ್ದ, ಬಿಡಿಸಿ ಹೇಳಿದ. ಆಳಿಗೆ ಹಾರೆ ಪಿಕ್ಕಾಸು ಕೊಟ್ಟ ಹಾಗೆ ಈ ಏಜೆಂಟಿಗೂ ಹತ್ಯಾರು ಕೊಡಬೇಕಂತೆ. ಬಿಲ್ ಮಾಡಲು ಒಂದು, ಬಿಲ್ ಹುಡುಕಲು ಒಂದು, ಬಿಲ್ ಅಳಿಸಲು ಇನ್ನೊಂದು. ಯಾವ ಹತ್ಯಾರು ಎಂತಕ್ಕೆ, ಅದನ್ನು ಯಾವಾಗ ಎತ್ತಬೇಕು, ಯಾವಾಗ ಮುಟ್ಟಲೇಬಾರದು ಎಂದು ಚೀಟಿ ಬರೆದು ಒಂದೊಂದಕ್ಕೂ ಕಟ್ಟುವವನು ನನ್ನ ತಮ್ಮ. ಏಜೆಂಟ್ ಆ ಚೀಟಿ ಓದಿ ಕೆಲಸಕ್ಕಿಳಿಯುತ್ತದೆ. ಪ್ರತಿ ಸಲವೂ ಹೊಸದಾಗಿ ಓದುತ್ತದೆ, ನಿನ್ನೆ ಓದಿದ್ದು ಇವತ್ತು ನೆನಪಿರುವುದಿಲ್ಲ.

ಇದು ನನಗೆ ವಿಚಿತ್ರವಾಗಿ ಕಂಡಿತು. ದಿನವೂ ಬೆಳಿಗ್ಗೆ ಹೊಸ ಆಳು ಬಂದು, ಗೋಡೆಯ ಬೋರ್ಡನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹಾರೆ ಎತ್ತಿದ ಹಾಗೆ. ನಮ್ಮ ಯಾರ್ಡಿನ ಗೇಟಿನಲ್ಲಿ ‘ಇಲ್ಲಿ ಲಾರಿ ತಿರುಗಿಸಬಾರದು’ ಎಂದು ಕನ್ನಡದಲ್ಲೂ ಮಲಯಾಳದಲ್ಲೂ ಬರೆದಿದೆ. ಎಲ್ಲರೂ ಅಲ್ಲಿಯೇ ತಿರುಗಿಸುತ್ತಾರೆ.

“ನೀನು ಬರೆದದ್ದು ಅದು ಓದ್ತದೆ ಅಂತ ಎಂತ ಗ್ಯಾರಂಟಿ?”

“ಓದ್ತದೆ. ಓದದೆ ಇರುದು ಮನುಷ್ಯರು.”

ಆಮೇಲೆ ನನಗೆ ಅದರದ್ದೇ ಯೋಚನೆ. ಬಸ್ಸಿನಲ್ಲಿ ಬರುವಾಗ ಏನಾದರೂ ಪ್ರಶ್ನೆ ಹುಟ್ಟುತ್ತಿತ್ತು, ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ಕೇಳುತ್ತಿದ್ದೆ. ಅದಕ್ಕೆ ಬೇಸರ ಬರುತ್ತದಾ? ಇಬ್ಬರು ಒಟ್ಟಿಗೆ ಹೇಳಿದರೆ ಯಾರ ಮಾತು ಕೇಳುತ್ತದೆ? ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಎಂದು ಹೇಳುತ್ತದಾ, ಅಥವಾ ನಮ್ಮ ಹಾಗೆ ತಲೆಯಾಡಿಸುತ್ತದಾ? ಕೊನೆಯ ಪ್ರಶ್ನೆಗೆ ತಮ್ಮ, “ಕೆಲವು ಸಲ ತಲೆಯಾಡಿಸ್ತದೆ. ಅದೇ ಕಷ್ಟ” ಎಂದ.

ಅವನು ಆಗ ಬರೆಯುತ್ತಿದ್ದದ್ದು ಬಿಲ್ ಅಳಿಸುವ ಹತ್ಯಾರಿನ ಚೀಟಿ. ಎಲ್ಲಕ್ಕಿಂತ ಅಪಾಯದ್ದು ಎಂದು ಅದನ್ನು ಕೊನೆಗೆ ಇಟ್ಟಿದ್ದರು. ಇದು ಸರಿಯಾಗಿ ಮುಗಿದರೆ ಅವನನ್ನು ಕಾಯಂ ಮಾಡುತ್ತೇವೆ ಎಂದು ಅವನ ಮೇಲಿನ ಮೇಡಂ ಹೇಳಿದ್ದರು. ಅವನು ಇಂಗ್ಲಿಷಿನಲ್ಲಿ ಬರೆದು ನನಗೆ ಕನ್ನಡದಲ್ಲಿ ಹೇಳುತ್ತಿದ್ದ. ಹಣ ಸಂದಾಯವಾದ ಬಿಲ್ಲನ್ನು ಅಳಿಸಬಾರದು. ಬೇರೆಯವರಿಗೆ ಕಳಿಸಿ ಆದ ಬಿಲ್ಲನ್ನು ಅಳಿಸಬಾರದು. ಒಂದಕ್ಕಿಂತ ಹೆಚ್ಚು ಇದ್ದರೆ ಯಾವುದೆಂದು ಕೇಳಬೇಕು. ಅಳಿಸುವ ಮೊದಲು ‘ಅಳಿಸಲಾ’ ಎಂದು ಕೇಳಿ, ಹೌದು ಎಂದ ಮೇಲೆಯೇ ಕೈಹಾಕಬೇಕು. ಅಳಿಸಿದ್ದು ಮತ್ತೆ ಬರುವುದಿಲ್ಲ.

“ನಮ್ಮಲ್ಲಿ ಬಿಲ್ ತಪ್ಪಿದ್ರೆ ಹರಿಯುದಿಲ್ಲ. ಅಡ್ಡ ಎರಡು ಗೆರೆ ಎಳೆದು ಕ್ಯಾನ್ಸಲ್ ಬರೆದು ಅಲ್ಲಿಯೇ ಬಿಡುದು” ಎಂದೆ.

“ಅದಕ್ಕೆ ಬೇರೆ ಹತ್ಯಾರು ಉಂಟು, ರದ್ದು ಮಾಡುದು. ಅದರಲ್ಲಿ ಬಿಲ್ ಉಳೀತದೆ. ಇದು ಹಾಗಲ್ಲ. ಒಂದೇ ಲೋಡಿಗೆ ತಪ್ಪಿ ಎರಡು ಬಿಲ್ ಆಗ್ತದಲ್ಲ, ಇನ್ನೂ ಯಾರ ಕೈಗೂ ಹೋಗಿರುದಿಲ್ಲ, ಅಂಥದ್ದನ್ನು ಪೂರ್ತಿ ಅಳಿಸುದು.”

“ಪೂರ್ತಿ ಅಂದ್ರೆ ಎಲ್ಲಿಗೆ ಹೋಗ್ತದೆ ಅದು?”

“ಎಲ್ಲಿಗೂ ಇಲ್ಲ.”

ಈ ‘ಎಲ್ಲಿಗೂ ಇಲ್ಲ’ ನನ್ನ ತಲೆಯಲ್ಲಿ ಕೂತಿತು. ಸುಟ್ಟರೆ ಬೂದಿ ಉಳಿಯುತ್ತದೆ, ಹರಿದರೆ ಚೂರು. ಎಲ್ಲಿಗೂ ಹೋಗದೆ ಇಲ್ಲವಾಗುವುದು ಹೇಗೆ? ಯಾರು ಹೇಳಿದ್ದರಿಂದ ಅಳಿಸಿತು ಎಂಬ ಒಂದು ಸಾಲು ಮಾತ್ರ ಬೇರೆ ಕಡೆ ಉಳಿಯುತ್ತದೆ ಎಂದು ಅವನು ಹೇಳಿದ್ದ. ಆಗ ನಾನು ಅದನ್ನು ಅಷ್ಟಾಗಿ ಗಮನಿಸಲಿಲ್ಲ.

ಶುಕ್ರವಾರ ನಮ್ಮ ಯಾರ್ಡ್ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಮುಚ್ಚುತ್ತದೆ. ಧನಿಗಳು ಮತ್ತೆ ತೆರೆಯುವುದು ಸಂಜೆಗೆ, ನನಗೆ ಅರ್ಧ ದಿನದ ರಜೆ. ಆ ಶುಕ್ರವಾರ ನಾನು ಮನೆಗೆ ಬಂದಾಗ ತಮ್ಮ ಲ್ಯಾಪ್‌ಟಾಪಿನ ಹತ್ತಿರ ಕನ್ನಡದಲ್ಲಿ ಮಾತಾಡುತ್ತಿದ್ದ. ಸೈಟಿನ ಮೇಸ್ತ್ರಿಗಳು ಇಂಗ್ಲಿಷ್ ಮಾತಾಡುವುದಿಲ್ಲವಲ್ಲ, ಅದಕ್ಕೆ ಏಜೆಂಟಿಗೆ ಕನ್ನಡ ಎಷ್ಟು ತಿಳಿಯುತ್ತದೆಂದು ನೋಡುತ್ತಿದ್ದ. ಸೋಮವಾರ ಮೇಡಂಗೂ ಒಬ್ಬ ಕಂಟ್ರಾಕ್ಟರಿಗೂ ಇದನ್ನು ತೋರಿಸಲಿಕ್ಕಿತ್ತು. ಅದಕ್ಕೆಂದೇ ಕೆಂಪುಕಲ್ಲಿನ ಒಂದೇ ಲೋಡಿಗೆ ಬೇಕೆಂದೇ ಎರಡು ಬಿಲ್ ಮಾಡಿಟ್ಟಿದ್ದ. ಅವರ ಕಣ್ಣೆದುರು ಒಂದನ್ನು ಅಳಿಸಿ ತೋರಿಸುವುದು ಅವನ ಲೆಕ್ಕ.

ಅಷ್ಟರಲ್ಲಿ ರಸ್ತೆಯಲ್ಲಿ ಮೀನಿನವನ ಹಾರ್ನ್ ಕೇಳಿತು. “ನಾನು ಹೋಗ್ತೇನೆ, ನೀನು ಈಗ ಬಂದದ್ದಷ್ಟೆ” ಎಂದು ತಮ್ಮ ಪಾತ್ರೆ ಹಿಡಿದು ಹೋದ. ಅವನು ಮೀನಿಗೆ ಹೋದರೆ ಬೇಗ ಬರುವುದಿಲ್ಲ. ಚೌಕಾಸಿ ಮಾಡಲು ಗೊತ್ತಿಲ್ಲ, ಮಾತಾಡುತ್ತಾ ನಿಲ್ಲುತ್ತಾನೆ.

ಲ್ಯಾಪ್‌ಟಾಪ್ ತೆರೆದೇ ಇತ್ತು. ಮೈಕಿನ ಚಿತ್ರ ಎಲ್ಲಿದೆಯೆಂದು ನನಗೆ ಗೊತ್ತಿತ್ತು, ಅವನು ಒತ್ತುವುದನ್ನು ನೋಡಿದ್ದೆ. ನಾನು ಕೂತೆ. ಹಾಳು ಮಾಡಬೇಕೆಂದಲ್ಲ, ಅಳಿಸುವ ಯೋಚನೆಯೇ ನನಗಿರಲಿಲ್ಲ. ಅವನು ಮಾಡಿದ ಕೆಂಪುಕಲ್ಲಿನ ಬಿಲ್ಲು ನೋಡಲು ಹೇಗಿದೆ, ನಮ್ಮ ಯಾರ್ಡಿನದ್ದರ ಹಾಗೆ ಉಂಟಾ ಎಂದು ನೋಡುವ ಆಸೆ. ಅದಕ್ಕಿಂತಲೂ ಹೆಚ್ಚಾಗಿ, ಆ ಆಳಿನ ಹತ್ತಿರ ನಾನೇ ಒಂದು ಮಾತು ಆಡುವ ಆಸೆ. ಮೈಕ್ ಒತ್ತಿ, ಯಾರ್ಡಿನಲ್ಲಿ ದಿನಕ್ಕೆಷ್ಟೋ ಸಲ ಕೇಳುವ ಮಾತನ್ನೇ ಹೇಳಿದೆ.

“ಆ ಕೆಂಪುಕಲ್ಲಿನ ಬಿಲ್ಲು ತೆಗಿ.”

ಅದು ಕೂಡಲೇ ಕನ್ನಡದಲ್ಲಿ ಬರೆಯಿತು. ‘ಕೆಂಪುಕಲ್ಲಿನ ಎರಡು ಬಿಲ್‌ಗಳಿವೆ. ಎರಡನೆಯದನ್ನು ತೆಗೆಯಬೇಕೇ? ದಯವಿಟ್ಟು ದೃಢಪಡಿಸಿ.’

ನನಗೆ ಅಷ್ಟು ಖುಷಿಯಾಯಿತೆಂದರೆ ಹೇಳಲಾರೆ. ನನ್ನ ಮಾತು ಅದಕ್ಕೆ ತಿಳಿದಿತ್ತು, ಅದು ಮರ್ಯಾದೆಯಿಂದ ‘ದಯವಿಟ್ಟು’ ಎಂದಿತ್ತು. ‘ದೃಢಪಡಿಸಿ’ ಎಂಬುದನ್ನು ನಾನು ಒಂದೇ ಉಸಿರಿನಲ್ಲಿ ಓದಿದ್ದೆ. ನೋಡಲಿಕ್ಕೆ ಒಂದು ಬಿಲ್ ಸಾಕಲ್ಲ ಎಂದುಕೊಂಡು, “ಹೌದು, ತೆಗಿ” ಎಂದೆ.

‘ಬಿಲ್ ತೆಗೆಯಲಾಗಿದೆ’ ಎಂದು ಬಂತು.

ನಾನು ಬಿಲ್ಲು ಬರುತ್ತದೆಂದು ಕಾದು ಕೂತೆ. ಏನೂ ಬರಲಿಲ್ಲ. ತೆಗೆಯಲಾಗಿದೆ ಎನ್ನುತ್ತದೆ, ತೆಗೆದು ಎಲ್ಲಿಟ್ಟಿತು ಇದು? ಕೆಳಗೆ ನೋಡಿದೆ, ಪಕ್ಕದಲ್ಲಿ ನೋಡಿದೆ. ಆಮೇಲೆ, ಬಿಲ್ಲುಗಳ ಪಟ್ಟಿಯಲ್ಲಿ ಕೆಂಪುಕಲ್ಲಿಗೆ ಮೊದಲು ಎರಡು ಸಾಲು ಇದ್ದ ಕಡೆ ಒಂದೇ ಸಾಲು ಇರುವುದು ಕಂಡಿತು. ಆಗ ನನಗೆ ‘ಎಲ್ಲಿಗೂ ಇಲ್ಲ’ ಎಂದರೆ ಎಂತ ಎಂದು ಗೊತ್ತಾಯಿತು.

ಎದ್ದು ಅಡುಗೆಮನೆಗೆ ಹೋದೆ. ತಮ್ಮ ಬಂಗುಡೆ ಹಿಡಿದುಕೊಂಡು ಬಂದ. ಕಣ್ಣು ಕೆಂಪಾದ ಹಳೆ ಬಂಗುಡೆ. ಬೇರೆ ದಿನವಾದರೆ ಅವನನ್ನು ಅಷ್ಟು ಸುಲಭದಲ್ಲಿ ಬಿಡುತ್ತಿರಲಿಲ್ಲ. ಆ ದಿನ ಮಾತಿಲ್ಲದೆ ಮೀನು ಕೊಯ್ದೆ. “ಎಂತ, ಬೈಗುಳ ಇಲ್ವಾ ಇವತ್ತು?” ಎಂದು ಅವನೇ ಕೇಳಿದ. ಊಟ ಮಾಡಿ, ಏಜೆಂಟ್ ಬರೆದದ್ದನ್ನು ಓದದೆಯೇ ಮುಚ್ಚಿ ಬೇರೆ ಕೆಲಸಕ್ಕೆ ಕೂತ. ಬಿಲ್ಲಿನ ಕಡೆ ಅವನು ಮತ್ತೆ ನೋಡಲಿಲ್ಲ, ಎಲ್ಲ ತಯಾರಾಗಿದೆಯೆಂದು ನಂಬಿದ್ದ.

ಸೋಮವಾರ ಅವನು ಎಲ್ಲರೆದುರು, ಎರಡು ಸಲ ಆದ ಕೆಂಪುಕಲ್ಲಿನ ಬಿಲ್ಲಿನಲ್ಲಿ ಒಂದನ್ನು ಅಳಿಸು ಎಂದ. ಅಂಥ ಬಿಲ್ ಒಂದೇ ಇದೆ, ಎರಡಿಲ್ಲ ಎಂದಿತು ಏಜೆಂಟ್. ಅವನು ಮತ್ತೆ ಹೇಳಿದ. ಅದು ಮತ್ತೆ ಅದನ್ನೇ ಹೇಳಿತು. ಕಂಟ್ರಾಕ್ಟರ್ ನಗಾಡಿದರಂತೆ. ಸಂಜೆ ಮೇಡಂ, ಯಾರು ಹೇಳಿದ್ದರಿಂದ ಅಳಿಸಿತೆಂದು ಬೇರೆ ಕಡೆ ಉಳಿಯುವ ಆ ಸಾಲನ್ನು ತೆಗೆಸಿ ನೋಡಿದರು. ಶುಕ್ರವಾರ ಮಧ್ಯಾಹ್ನ, ನನ್ನ ತಮ್ಮನ ಹೆಸರಿನಲ್ಲಿ, ಬಿಲ್ಲನ್ನು ಅಳಿಸಲು ಹೇಳಿದ್ದೂ ಇತ್ತು, ಕೇಳಿದಾಗ ಹೌದು ಎಂದದ್ದೂ ಇತ್ತು. ಧ್ವನಿಯನ್ನು ಅದು ಇಟ್ಟುಕೊಳ್ಳುವುದಿಲ್ಲ, ಕನ್ನಡವನ್ನೂ ಇಟ್ಟುಕೊಳ್ಳುವುದಿಲ್ಲ. ತನಗೆ ತಿಳಿದ ಅರ್ಥವನ್ನು ಇಂಗ್ಲಿಷಿನಲ್ಲಿ ಬರೆದಿಡುತ್ತದೆ. ನಾನು ಆಡಿದ ಮಾತು ಹೋಗಿ ಅದರ ಅರ್ಥವೆಂಬುದು ಮಾತ್ರ ಉಳಿದಿತ್ತು, ಅದೂ ನನ್ನ ಅರ್ಥವಲ್ಲ.

“ಅಳಿಸಿದ್ದು ದೊಡ್ಡದಲ್ಲ, ಅಳಿಸ್ಲಿಕ್ಕೇ ಇಟ್ಟ ಬಿಲ್ ಅದು. ಆದ್ರೆ ನೀವು ಅಳಿಸಿಲ್ಲ ಅಂತ ಯಾಕೆ ಹೇಳ್ತೀರಿ ಅಂತ ಕೇಳಿದ್ರು ಮೇಡಂ” ಎಂದ ತಮ್ಮ. ಅವನ ಮುಖ ಸಣ್ಣದಾಗಿತ್ತು. “ನಾನು ಹೇಳಲೇ ಇಲ್ಲ ಅಕ್ಕ. ಅದು ತಾನಾಗಿ ಅಳಿಸಿದ್ರೆ ನಾನು ಬರೆದ ಚೀಟಿ ಸರಿ ಇಲ್ಲ. ಯಾರೋ ಹೇಳಿ ಅಳಿಸಿದ್ರೆ ಹೇಳಿದವ ನಾನೇ ಆಗ್ತೇನೆ. ಎಂತ ಆದ್ರೂ ನನಗೇ ಬರುದು.”

ಆಗ ಅವನು ಮುಟ್ಟಿದ್ಯಾ ಎಂದು ಕೇಳಿದ್ದು. ಆಗ ನಾನು ‘ನನಗೆಂತ ಗೊತ್ತು’ ಎಂದದ್ದು.

ಯಾಕೆ ಹಾಗೆಂದೆ? ಕೆಲಸ ಹೋಗುತ್ತದೆಂಬ ಹೆದರಿಕೆಯೆಂದು ಹೇಳಿದರೆ ಚೆನ್ನಾಗಿ ಕೇಳಿಸುತ್ತದೆ, ಆದರೆ ಅದಲ್ಲ. ಅದಕ್ಕಿಂತ ಚಿಕ್ಕ ಕಾರಣ. ‘ದಯವಿಟ್ಟು ದೃಢಪಡಿಸಿ’ ಎಂದು ಕೇಳಿದ್ದಕ್ಕೆ ಹೌದು ಎಂದು ಹೇಳಿ ಕೆಡಿಸಿದೆನಲ್ಲ ಎಂಬ ನಾಚಿಕೆ. ಅಕ್ಕನಿಗೆ ಕನ್ನಡ ಓದಲೂ ಬರುವುದಿಲ್ಲವೆಂದು ಅವನಿಗೆ ಅನಿಸಬಾರದಿತ್ತು. ಆದ್ದರಿಂದ ನನಗೆ ಏನೂ ಗೊತ್ತಿಲ್ಲವೆಂದೇ ಹೇಳಿದೆ. ಈಗ ಬರೆಯುವಾಗ ಇದರ ಮೂರ್ಖತನ ಕಾಣುತ್ತದೆ.

ಅವನು ಚೀಟಿಯನ್ನು ಮತ್ತೆ ಬರೆಯತೊಡಗಿದ. ಇಲ್ಲದ ತಪ್ಪನ್ನು ಹುಡುಕುವವನಿಗೆ ಎಲ್ಲ ಕಡೆಯೂ ತಪ್ಪು ಕಾಣುತ್ತದೆ. ಒಂದು ಸಾಲು ಸೇರಿಸುವುದು, ಓದುವುದು, ಇನ್ನೂ ಬಿಗಿ ಮಾಡುವುದು. ಅಳಿಸಿದರೆ ಹಿಂದೆ ಬರುವುದಿಲ್ಲ ಎಂಬುದನ್ನು ಮೊದಲು ಒಂದು ಕಡೆ ಬರೆದಿದ್ದ, ಈಗ ಎಲ್ಲ ಕಡೆ ಬರೆದ. ಮೊದಲಿನ ಹಾಗೆ ನನಗೆ ಓದಿ ಹೇಳುವುದನ್ನು ಬಿಟ್ಟ. ನಾನೂ ಪ್ರಶ್ನೆ ಕೇಳುವುದನ್ನು ಬಿಟ್ಟೆ. ಅವನು ಅದನ್ನು ಗಮನಿಸಿರಬೇಕು, ಆದರೆ ಬೇಸರದಲ್ಲಿರುವ ತಮ್ಮನಿಗೆ ಅಕ್ಕ ಉಪದ್ರ ಕೊಡುತ್ತಿಲ್ಲ ಎಂದು ಭಾವಿಸಿದ್ದ.

ಕೇಳುವುದನ್ನು ಬಿಟ್ಟರೂ ಯೋಚನೆ ಬಿಡಲಿಲ್ಲ. ನಾನು ಕನ್ನಡದಲ್ಲಿ ಹೇಳಿದೆ, ಅದು ಕನ್ನಡದಲ್ಲಿ ಕೇಳಿತು, ನಾನು ಕನ್ನಡದಲ್ಲಿ ಒಪ್ಪಿದೆ. ಹಾಗಾದರೆ ನಡುವೆ ತಪ್ಪಿದ್ದು ಎಲ್ಲಿ?

ಒಂದು ಬೆಳಿಗ್ಗೆ ಯಾರ್ಡಿನಲ್ಲಿ ಜಲ್ಲಿಯ ಲಾರಿಯ ಡ್ರೈವರ್ ನನ್ನ ಕಿಟಕಿಯ ಹತ್ತಿರ ಬಂದು ನಿಂತರು. ಮನೆಯಲ್ಲಿ ಬ್ಯಾರಿ ಮಾತಾಡುವವರು, ನನ್ನ ಹತ್ತಿರ ಕನ್ನಡ.

“ಅಕ್ಕ, ಬಿಲ್ ತೆಗೀರಿ ಬೇಗ. ಹೈವೇಯಲ್ಲಿ ಮತ್ತೆ ಬ್ಲಾಕ್ ಆಗ್ತದೆ.”

ನನ್ನ ಕೈ ನಿಂತಿತು.

“ತೆಗೀರಿ ಅಂದ್ರೆ ಎಂತ?” ಎಂದು ಕೇಳಿದೆ.

“ಎಂತ ಅಂದ್ರೆ ಎಂತ? ತೆಗೀರಿ ಅಂದ್ರೆ ತೆಗೀರಿ.”

“ಅಲ್ಲ, ಬಿಲ್ ತೆಗೆದು ಎಂತ ಮಾಡ್ಬೇಕು?”

“ನನ್ನ ಕೈಗೆ ಕೊಡ್ಬೇಕು ಮಾರಾಯ್ರೆ. ಮತ್ತೆಂತ, ಸಾರು ಮಾಡ್ಲಿಕ್ಕುಂಟಾ?”

ಹಿಂದೆ ನಿಂತ ಇನ್ನೊಬ್ಬರು, “ಇವತ್ತು ಅಕ್ಕನಿಗೆ ಉಪವಾಸ ಇರ್ಬೇಕು, ಜಾಸ್ತಿ ಮಾತಾಡ್ಬೇಡ” ಎಂದರು. ನಾನು ಬಿಲ್ ಮಾಡಿಕೊಟ್ಟೆ. ಡ್ರೈವರ್ ಲಾರಿ ಹತ್ತಿದರು. ಅವರ ಕಿಳಿ, ಎಂದರೆ ಕ್ಲೀನರ್ ಹುಡುಗ, ಗೇಟಿನ ಹತ್ತಿರ ನಿಂತು, ಬೋರ್ಡಿಗೆ ಬೆನ್ನು ಹಾಕಿ, “ರಿವರ್ಸ್ ತೆಗಿ, ತೆಗಿ, ತೆಗಿ” ಎಂದು ಕೂಗುತ್ತಿದ್ದ.

ಅಂದು ಇಡೀ ದಿನ ನನ್ನ ಕಿವಿಗೆ ಬೇರೇನೂ ಬೀಳಲಿಲ್ಲ. ಬಾಗಿಲು ತೆಗಿ ಎಂದರೆ ತೆರೆಯುವುದು. ಕಸ ತೆಗಿ ಎಂದರೆ ಎತ್ತಿ ಬಿಸಾಡುವುದು. ಫೋಟೋ ತೆಗಿ ಎಂದರೆ ಇಲ್ಲದ್ದನ್ನು ಮಾಡುವುದು, ಕೂದಲು ತೆಗಿ ಎಂದರೆ ಇದ್ದದ್ದನ್ನು ಇಲ್ಲ ಮಾಡುವುದು. ಅವನ ಹೆಸರು ತೆಗಿಬೇಡ ಎಂದರೆ ಬಾಯಲ್ಲಿ ಹೇಳಬೇಡ ಎಂದು. ರೇಶನ್ ಕಾರ್ಡಿನಿಂದ ಅವನ ಹೆಸರು ತೆಗಿ ಎಂದರೆ ಇನ್ನು ಅವನಿಗೆ ಅಕ್ಕಿ ಇಲ್ಲ ಎಂದು. ತುಳುವಿನ ‘ದೆಪ್ಪು’ ಕೂಡ ಹೀಗೆಯೇ, ಒಂದೇ ಶಬ್ದಕ್ಕೆ ಎರಡು ಕಡೆಯೂ ಬಾಗಿಲು. ಯಾವ ಬಾಗಿಲಿನಿಂದ ಹೊಗಬೇಕೆಂದು ನಾವು ಎದುರಿಗಿರುವವರ ಮುಖ ನೋಡಿ ತಿಳಿಯುತ್ತೇವೆ. ಏಜೆಂಟ್ ನನ್ನ ಮುಖ ನೋಡಿರಲಿಲ್ಲ. ತಮ್ಮ ಬರೆದಂತೆ, ಅಳಿಸುವ ಮೊದಲು ಅದು ಕೇಳಿಯೂ ಇತ್ತು. ಆದರೆ ನಾನು ಹೇಳಿದ ಶಬ್ದವನ್ನೇ ಹಿಡಿದು ಕೇಳಿತ್ತು. ಅದು ಅಳಿಸಲಾ ಎಂದಿತು, ನಾನು ತೋರಿಸು ಎಂದೆ. ಇಬ್ಬರೂ ‘ತೆಗೆ’ ಎಂದು ಹೇಳಿ ಒಬ್ಬರನ್ನೊಬ್ಬರು ಒಪ್ಪಿಸಿದೆವು.

ಇದು ನನ್ನ ಬುದ್ಧಿವಂತಿಕೆಯಲ್ಲ. ಗುಂಡಿಗೆ ಬಿದ್ದವಳಿಗೆ ಗುಂಡಿ ಎಲ್ಲಿದೆಯೆಂದು ಗೊತ್ತಿರುವುದು ಸಹಜ. ಆದರೆ ಗೊತ್ತಾದ ಮೇಲೆ ನನ್ನ ಮೌನದ ಭಾರ ಬೇರೆಯಾಯಿತು. ಈ ಸಾಫ್ಟ್‌ವೇರ್ ನಾಳೆ ಇಲ್ಲಿಯ ಸೈಟುಗಳಿಗೆ ಬಂದರೆ, ಆ ಡ್ರೈವರ್ ಕೇಳಿದ ಹಾಗೆಯೇ ಎಲ್ಲರೂ ಕೇಳುತ್ತಾರೆ. ಬಿಲ್ ತೆಗೀರಿ ಎನ್ನದೆ ಇಲ್ಲಿ ಯಾರಿಗೂ ದಿನ ಹೋಗುವುದಿಲ್ಲ. ತಮ್ಮ ಎಷ್ಟು ಬಿಗಿಯಾಗಿ ಬರೆದರೂ ಆ ಗುಂಡಿ ಮುಚ್ಚುವುದಿಲ್ಲ. ಅದು ಎಲ್ಲಿದೆಯೆಂದು ಅವನಿಗೆ ಹೇಳಬೇಕಾದರೆ, ನಾನು ಅದರಲ್ಲಿ ಬಿದ್ದದ್ದನ್ನೂ ಹೇಳಬೇಕು.

ಆದರೂ ಆ ಸಂಜೆ ಹೇಳಲಿಲ್ಲ. ಮರುದಿನವೂ ಇಲ್ಲ. ಅನ್ನಕ್ಕೆ ಕೂತಾಗ ಹೇಳುತ್ತೇನೆ ಎಂದುಕೊಳ್ಳುವುದು, ಅವನು ಉಪ್ಪು ಕೇಳಿದರೆ ಉಪ್ಪು ಕೊಟ್ಟು ಸುಮ್ಮನಾಗುವುದು.

ಕೊನೆಗೆ ಮಾತು ಎತ್ತಿದ್ದು ಅವನೇ. ಮತ್ತೊಂದು ಶುಕ್ರವಾರ, ನಾನು ಯಾರ್ಡಿನಿಂದ ಬಂದು ಕೈಕಾಲು ತೊಳೆಯುತ್ತಿದ್ದೆ. ಅವನು ಜಗಲಿಗೆ ಬಂದ.

“ಅಕ್ಕ, ನಾನೇ ಅಳಿಸಿದ್ದು ಅಂತ ಬರೆದು ಕಳಿಸ್ತೇನೆ.”

“ನೀನು ಅಳಿಸಿಲ್ಲ ಅಂದಿಯಲ್ಲ.”

“ನನಗೆ ಹಾಗೆ ನೆನಪು. ಆದ್ರೆ ಅಲ್ಲಿ ನನ್ನ ಹೆಸರು ಉಂಟು, ಹೌದು ಅಂತ ಹೇಳಿದ್ದೂ ಉಂಟು. ಅದು ಸುಳ್ಳು ಹೇಳುದಿಲ್ಲ. ಹಾಗಾದ್ರೆ ನನ್ನ ನೆನಪೇ ತಪ್ಪಿರ್ಬೇಕು.” ಅವನು ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದ. “ಮೊದಲು ಇಲ್ಲ ಅಂದು ಈಗ ಹೌದು ಅಂದ್ರೆ ಕಾಯಂ ಮಾಡ್ಲಿಕ್ಕಿಲ್ಲ. ಮಾಡದಿದ್ರೆ ಬೇಡ. ನನಗೆ ಅದಕ್ಕಿಂತ, ನನ್ನ ಮೇಲೆ ನನಗೇ ನಂಬಿಕೆ ಹೋದ ಹಾಗೆ ಆಗ್ತದೆ. ಯಾವುದು ಹೇಳಿದ್ದು, ಯಾವುದು ಹೇಳದ್ದು ಗೊತ್ತಾಗುದಿಲ್ಲ.”

ಕೆಲಸ ಹೋದರೆ ಇನ್ನೊಂದು ನೋಡಬಹುದು. ಮಾಡದ ಕೆಲಸವನ್ನು ಮಾಡಿದ್ದೇನೆಂದು ನಂಬಲು ಹೊರಟವನನ್ನು ನೋಡಿಕೊಂಡು ನಾನು ಹೇಗೆ ಕಾಲು ತೊಳೆಯುತ್ತಾ ನಿಲ್ಲಲಿ?

“ಲ್ಯಾಪ್‌ಟಾಪ್ ತೆಗಿ” ಎಂದೆ.

ಅವನು ತೆಗೆದ. ನೋಡಿ, ಅದನ್ನು ಬಿಸಾಡಲಿಲ್ಲ, ಮುಚ್ಚಳ ತೆರೆದ. ಆ ಹೊತ್ತಿನಲ್ಲೂ ನನಗೆ ಅದು ಹೊಳೆಯಿತು.

“ಆ ಕೆಂಪುಕಲ್ಲಿನದ್ದು ಮತ್ತೆ ಎರಡು ಬಿಲ್ ಮಾಡು.”

“ಎಂತಕ್ಕೆ?”

“ಮಾಡು ಮಾರಾಯ.”

ಮಾಡಿದ. ನಾನು ಒದ್ದೆ ಕೈ ಸೀರೆಗೆ ಒರಸಿ, ಅವನನ್ನು ಕೇಳದೆ ಮೈಕ್ ಒತ್ತಿದೆ. ಮೈಕ್ ಎಲ್ಲಿದೆಯೆಂದು ನನ್ನ ಬೆರಳಿಗೆ ಗೊತ್ತಿರುವುದನ್ನು ಅವನು ನೋಡಿದ. “ಆ ಕೆಂಪುಕಲ್ಲಿನ ಬಿಲ್ಲು ತೆಗಿ” ಎಂದೆ. ಅವನು ಅಷ್ಟೆಲ್ಲ ಬಿಗಿ ಮಾಡಿದ್ದ ಏಜೆಂಟ್ ಈಗ ಮೊದಲಿಗಿಂತ ಉದ್ದಕ್ಕೆ ಬರೆಯಿತು. ‘ಎರಡನೆಯ ಬಿಲ್ಲನ್ನು ಖಚಿತವಾಗಿ ತೆಗೆಯಬೇಕೇ? ತೆಗೆದ ಮೇಲೆ ಹಿಂದಕ್ಕೆ ತರಲಾಗದು.’

“ಇಲ್ಲಿ ನೋಡು. ನಾನು ತೋರಿಸ್ಲಿಕ್ಕೆ ಹೇಳಿದ್ದು. ಅದು ಎಂತ ಕೇಳ್ತಾ ಉಂಟು ನೋಡು. ಆ ಶುಕ್ರವಾರ ನೀನು ಮೀನಿಗೆ ಹೋದಾಗ ನಾನು ಹೀಗೇ ಹೇಳಿದ್ದು. ಅದು ಕೇಳಿತು, ನಾನು ಹೌದು ಅಂದೆ.”

ತಮ್ಮ ಆ ಸಾಲನ್ನು ಇನ್ನೊಮ್ಮೆ ಓದಿದ. ತುಟಿಯಲ್ಲೇ “ತೆಗೆ” ಎಂದ. ಇನ್ನೊಮ್ಮೆ ಬೇರೆ ಧಾಟಿಯಲ್ಲಿ ಎಂದ. ಆಮೇಲೆ ಅವನಿಗೆ ನಗು ಬಂತು, ನನಗೆ ಬರಲಿಲ್ಲ. ಫೋನು ಹಿಡಿದುಕೊಂಡು ಅಂಗಳಕ್ಕೆ ಓಡಿದ. ಮೇಡಂ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡುವುದು ಕೇಳಿಸುತ್ತಿತ್ತು, ನಡುನಡುವೆ ‘ತೆಗೆ’, ‘ಬಾಗಿಲು’, ‘ಫೋಟೋ’. ಬಹಳ ಹೊತ್ತು ಮಾತಾಡಿದ.

ಒಳಗೆ ಬಂದವನೇ ಹೇಳಿದ. ಚೀಟಿಗೆ ಒಂದು ಹೊಸ ಸಾಲು ಸೇರುತ್ತದೆ. ಕನ್ನಡದಲ್ಲಿ ಯಾರಾದರೂ ‘ತೆಗೆ’ ಎಂದರೆ ಅಳಿಸಲು ಹೇಳಿದರೆಂದು ತಿಳಿಯಬಾರದು, ತೋರಿಸಬೇಕೇ ಅಳಿಸಬೇಕೇ ಎಂದು ಕೇಳಬೇಕು, ಹಾಗೆ ಕೇಳುವಾಗ ‘ತೆಗೆ’ ಎಂಬ ಶಬ್ದವನ್ನು ಬಳಸಬಾರದು. ಉಳಿದ ಭಾಷೆಗಳಲ್ಲೂ ಇಂಥ ಶಬ್ದ ಉಂಟಾ ಎಂದು ನೋಡುತ್ತಾರಂತೆ. ಕಾಯಂ ಮಾಡುವ ಮಾತು ಮುಂದಿನ ತಿಂಗಳು. ಆದರೆ ಅವನು ಹೇಳಿದ್ದು ನಿಜವೆಂದು ಮೇಡಂ ಒಪ್ಪಿದರು.

“ನಿನಗೆ ಥ್ಯಾಂಕ್ಸ್ ಹೇಳ್ಬೇಕಂತೆ. ನಿಮ್ಮ ಅಕ್ಕ ಒಳ್ಳೆದು ಹುಡುಕಿದ್ರು ಅಂದ್ರು.”

“ನಾನು ಅಳಿಸಿದ್ದು ಅಂತ ಹೇಳಿದ್ಯಾ?”

“ಹೇಳಿದೆ. ಗೊತ್ತಾಗದೆ ಆಯ್ತು ಅಂದೆ.”

ನಾನು ಅನ್ನ ಬಡಿಸಿದೆ. ಅವನು ಕಲಸಿದ, ಒಂದು ತುತ್ತು ತಿಂದ. ಆಮೇಲೆ ತಟ್ಟೆ ನೋಡಿಕೊಂಡೇ ಮೆಲ್ಲ ಹೇಳಿದ.

“ನಾನು ಕೇಳಿದ್ದೆ ಅಕ್ಕ ನಿನ್ನ ಹತ್ರ.”

ಆಗ ತಿಳಿಯಿತು, ನಡೆದದ್ದನ್ನು ಹೇಳಿದ್ದೆನೇ ಹೊರತು ಹೇಳಬೇಕಾದ್ದನ್ನು ಹೇಳಿರಲಿಲ್ಲ. ಗೊತ್ತಾಗದೆ ಆದದ್ದಕ್ಕೆ ಅವನು ಮೇಡಂ ಹತ್ತಿರ ನನ್ನ ಪರವಾಗಿ ಮಾತಾಡಿ ಮುಗಿಸಿದ್ದ. ಗೊತ್ತಿದ್ದೂ ಆದದ್ದು ಹಾಗೆಯೇ ಉಳಿದಿತ್ತು. ನಮ್ಮಲ್ಲಿ ಅಕ್ಕಂದಿರು ತಮ್ಮಂದಿರ ಹತ್ತಿರ ಇಂಥ ಮಾತು ಆಡುವ ಕ್ರಮವಿಲ್ಲ. ಒಂದು ಮೀನಿನ ತುಂಡು ಹೆಚ್ಚು ಹಾಕುತ್ತೇವೆ, ಅಲ್ಲಿಗೆ ಮುಗಿಯುತ್ತದೆ. ನನ್ನ ಕೈ ಸೌಟಿನ ಮೇಲೆ ಹೋಗಿಯೂ ಇತ್ತು. ಸೌಟು ಬಿಟ್ಟು ಅವನ ಎದುರು ಕೂತೆ.

“ತಪ್ಪಾಯ್ತು ತಮ್ಮ” ಎಂದೆ. “ಮುಟ್ಟಿದ್ದು ಹೋಗ್ಲಿ. ನೀನು ಕೇಳಿದಾಗ ‘ನನಗೆಂತ ಗೊತ್ತು’ ಅಂದೆನಲ್ಲ, ನನಗೆ ಗೊತ್ತಿತ್ತು. ಅದಕ್ಕೆ ತಪ್ಪಾಯ್ತು.”